ಬಾಯಾರಿಕೆ ಇಲ್ಲ

ಬೆಳಿಗ್ಗೆ ಮನೆಯಲ್ಲಿ ಅರ್ಧ ಲೋಟ ಕಾಫಿ ಕುಡಿದರೆ ಮುಗಿಯಿತು. ಸಂಜೆ ಮನೆ ಸೇರುವ ತನಕ ದೀಪಿಕ ಒಂದು ಹನಿ ನೀರು ಮುಟ್ಟುವುದಿಲ್ಲ. ಮಳವಳ್ಳಿಯ ಏಪ್ರಿಲ್ ಬಿಸಿಲಿಗೆ ಕಾಗೆಗಳೂ ಬಾಯಿ ಬಿಟ್ಟುಕೊಂಡು ಕೂತಿರುತ್ತವೆ. ಇವಳು ಮಾತ್ರ ಒಣನಾಲಿಗೆಯಲ್ಲಿ ತುಟಿ ಸವರಿಕೊಳ್ಳುತ್ತಾ ಅರ್ಥಶಾಸ್ತ್ರದ ಪಾಠ ಕೇಳುತ್ತಾಳೆ.

ಕಾರಣ ಕಾಲೇಜಿನ ಹಿತ್ತಲಲ್ಲಿದೆ. ಹೆಣ್ಣುಮಕ್ಕಳ ಶೌಚಾಲಯಕ್ಕೆ ಎತ್ತರದ ಮೆಟ್ಟಿಲು, ಹಿಡಿದುಕೊಳ್ಳಲು ಕಂಬಿಯಿಲ್ಲ, ಒಳಗೆ ಸದಾ ನೀರು ನಿಂತ ನೆಲ. ಎರಡೂ ಕಾಲಿಗೆ ಕಬ್ಬಿಣದ ಪಟ್ಟಿಯ ಕ್ಯಾಲಿಪರ್ ಕಟ್ಟಿ, ಊರುಗೋಲು ಹಿಡಿದು ನಡೆಯುವವಳು ಅಲ್ಲಿ ಕುಕ್ಕರಗಾಲಲ್ಲಿ ಕೂರುವುದೆಂತು? ಹಾಗಂತ ಕಾಲೇಜಿನವರು ಏನೂ ಮಾಡಿಲ್ಲ ಅನ್ನುವಂತಿಲ್ಲ. ಹೋದ ವರ್ಷ ತಪಾಸಣೆಯವರು ಬರುತ್ತಾರೆಂದು ಹಜಾರದ ತುದಿಯಲ್ಲಿ ‘ಅಂಗವಿಕಲರ ಶೌಚಾಲಯ’ ಎಂದು ಚೆಂದದ ಬೋರ್ಡು ಬರೆಸಿ, ಒಳಗೆ ಕಮೋಡು ಕೂರಿಸಿ, ಫೋಟೋ ತೆಗೆಸಿದ್ದರು. ತಪಾಸಣೆಯವರು ಅತ್ತ ಹೋದರು, ಇತ್ತ ಮುರಿದ ಬೆಂಚುಗಳು ಒಳಗೆ ಸೇರಿದವು. ಪುಣ್ಯಾತ್ಮರು ಬೀಗವನ್ನೂ ಜಡಿದರು. ಬೆಂಚುಗಳಿಗೆ ಅವಸರವಾದರೆ ಏನೂ ತೊಂದರೆಯಿಲ್ಲ.

ದೀಪಿಕ ಒಮ್ಮೆ ಧೈರ್ಯ ಮಾಡಿ ಅಟೆಂಡರ್ ನಾಗಯ್ಯನ ಹತ್ತಿರ ಬೀಗದ ಕೈ ಕೇಳಿದ್ದಳು. “ಯಾಕವ್ವಾ ಬೀಗದ ಕೈ?” ಎಂದು ಅವನು ಹುಡುಗರೆಲ್ಲ ತಿರುಗಿ ನೋಡುವಷ್ಟು ಜೋರಾಗಿ ಕೇಳಿದ. “ಏನಿಲ್ಲ” ಎಂದು ವಾಪಸು ಬಂದವಳು ಅಂದಿನಿಂದ ನೀರನ್ನೇ ಬಿಟ್ಟಳು.

ಇದು ಪಕ್ಕದಲ್ಲಿ ಕೂರುವ ಶೋಭಿತಾಳಿಗೂ ಗೊತ್ತಿಲ್ಲ. ಮೊದಲ ದಿನವೇ “ಬ್ಯಾಗ್ ಕೊಡಮ್ಮಿ” ಎಂದು ಕಿತ್ತುಕೊಂಡು, ಆವತ್ತಿನಿಂದ ಹೊತ್ತುಕೊಂಡು ಬಂದ ಗೆಳತಿ ಅವಳು. ಕಾಲೇಜಿನಲ್ಲಿ ದೀಪಿಕಳಿಗೆ ತನ್ನವರು ಅಂತ ಇದ್ದದ್ದು ಅವಳೊಬ್ಬಳೇ.

ಆ ದಿನ ಮಧ್ಯಾಹ್ನ ಊಟದ ಹೊತ್ತಿಗೆ ಶೋಭಿತಾ ಒಂದು ಬಾಟಲಿ ಮಜ್ಜಿಗೆ ಮುಚ್ಚಳ ತೆಗೆದು ಮುಂದಿಟ್ಟಳು. “ನಮ್ಮವ್ವ ನಿಂಗೇ ಅಂತ ಕೊತ್ತಂಬ್ರಿ ಸೊಪ್ಪಾಕಿ ಮಾಡ್ಕೊಟ್ಟವ್ಳೆ. ಕುಡಿ.”

“ಬಾಯಾರಿಕೆ ಇಲ್ಲ ಕಣೆ.”

ಶೋಭಿತಾ ಮುಚ್ಚಳ ಹಾಕಲಿಲ್ಲ. “ಒಂದು ವರ್ಸದಿಂದ ಇದ್ನೇ ಯೋಳ್ತಿದ್ದೀಯ. ತುಟಿ ನೋಡುದ್ರೆ ಬಿರ್ಕ್ ಬುಟ್ಟದೆ, ಬಾಯಾರ್ಕೆ ಇಲ್ವಂತೆ. ನೀವು ಗೌಡ್ರು, ನಾವು ಕೇರಿಯೋರು. ನಮ್ಮನೇದು ಕುಡ್ಯಲ್ಲ ಅಂತ ನೆಟ್ಗೆ ಯೋಳ್ಬುಡು.”

“ಥೂ, ಅದಲ್ಲ ಕಣೆ ಸೋಬಿ...”

“ಮತ್ತೇನು? ನಿಮ್ಮನೇಗ್ ಬಂದಿದ್ದಾಗ ನಿಮ್ಮಜ್ಜಿ ಎಲ್ರುಗೂ ಸ್ಟೀಲ್ ಲೋಟ ಕೊಟ್ಟು ನಂಗೊಬ್ಬಳ್ಗೆ ಪೇಪರ್ ಲೋಟ ಕೊಟ್ಟಾಗ್ಲೇ ನಾನ್ ತಿಳ್ಕಬೇಕಾಗಿತ್ತು.”

ಅಜ್ಜಿ ದೇವಿರಮ್ಮ ಹಾಗೆ ಮಾಡಿದ್ದು ನಿಜ. ಅದನ್ನು ನೋಡಿಯೂ ದೀಪಿಕ ತಲೆ ಬಗ್ಗಿಸಿ ಕೂತದ್ದೂ ನಿಜ. ಆದರೆ ನೀರಿನ ಮಾತು ಬೇರೆ. ಒಂದೇ ಮಾತಲ್ಲಿ ಹೇಳಿಬಿಡಬಹುದಿತ್ತು. ಆದರೆ ಮುಂದಿನ ಬೆಂಚಲ್ಲಿ ಸ್ವರೂಪ್, ಶಶಿಧರ್ ಮುಂತಾದ ಹುಡುಗರೆಲ್ಲ ಊಟ ಮಾಡುತ್ತಾ ಕೂತಿದ್ದರು. ಅವರ ಕಿವಿಗೆ ಬೀಳುವಂತೆ ಹೇಗೆ ಹೇಳುವುದು? ಶೋಭಿತಾ ತನ್ನ ಬ್ಯಾಗು ಎತ್ತಿಕೊಳ್ಳುವುದನ್ನು ಕಂಡು ದಿಕ್ಕು ತೋಚದೆ ಬಾಟಲಿ ಬಾಚಿಕೊಂಡು, ಗಟಗಟನೆ ತಳ ಕಾಣುವ ತನಕ ಕುಡಿದುಬಿಟ್ಟಳು.

“ಬಲವಂತುಕ್ಕೆ ಯಾಕ್ ಕುಡೀತೀಯ?” ಎಂದು ಶೋಭಿತಾ ಹಿಂದಿನ ಬೆಂಚಿಗೆ ಹೋಗಿ ಕೂತಳು.

ಮಧ್ಯಾಹ್ನದ ಮೊದಲ ಪಾಠ ಹೇಗೋ ಕಳೆಯಿತು. ಎರಡನೆಯದಕ್ಕೆ ಹೊಟ್ಟೆಯ ಕೆಳಗೆ ಬಿಗಿತ ಶುರುವಾಯಿತು. ಅಪ್ಪ ಶಿವರಾಜು ಆಟೋ ತರುವುದು ಸಂಜೆಗೆ. ಮೇಡಂ ಬೋರ್ಡಿನ ಮೇಲೆ ಬರೆಯುತ್ತಲೇ ಇದ್ದರು. ದೀಪಿಕಳಿಗೆ ಒಂದಕ್ಷರವೂ ಕಾಣಲಿಲ್ಲ. ಇಲ್ಲೇ, ಇಷ್ಟು ಜನರ ಎದುರು, ಬೆಂಚಿನ ಮೇಲೇ ಆಗಿಹೋದರೆ? ನಾಳೆ ಯಾವ ಮುಖ ಹೊತ್ತು ಬರುವುದು? ಹಲ್ಲು ಕಚ್ಚಿ ಹಿಡಿದಳು. ಹಿಡಿದಷ್ಟೂ ಜೀವ ಬಾಯಿಗೆ ಬರುತ್ತಿತ್ತು. ಕೊನೆಗೆ ತಡೆಯಲಾರದೆ ಎದ್ದಳು. ಅವಸರಕ್ಕೆ ಒಂದು ಊರುಗೋಲು ಧಡಾರನೆ ಬಿತ್ತು. ಇಡೀ ಕ್ಲಾಸು ತಿರುಗಿ ನೋಡಿತು.

“ಸೋಬಿ, ಬಾರೇ” ಎಂದಳು. ದನಿ ಅಳುವಂತಿತ್ತು.

ಶೋಭಿತಾ ಬಂದಳು. ಊರುಗೋಲು ಎತ್ತಿ ಕೊಟ್ಟು, ಮೇಡಂಗೆ ಏನೋ ಹೇಳಿ ಹಜಾರಕ್ಕೆ ಕರೆತಂದಳು. ದೀಪಿಕ ಗೋಡೆಗೆ ಒರಗಿ ಎಲ್ಲವನ್ನೂ ಹೇಳಿಬಿಟ್ಟಳು. ಹೇಳುತ್ತಾ ಅತ್ತಳು.

“ಒಂದು ವರ್ಸ ಇಂಗೇ ತಡ್ಕಂಡಿದ್ದೀಯಾ?” ಶೋಭಿತಾಳ ಮುಖ ಕೆಂಪಾಯಿತು. ನೆಟ್ಟಗೆ ನಾಗಯ್ಯನ ಮುಂದೆ ಹೋಗಿ ನಿಂತಳು. “ಅಣ್ಣೋ, ಆ ಬೀಗದ ಕೈ ಕೊಡು.”

“ಪ್ರಿನ್ಸಿಪಾಲ್ರು ಪರ್ಮಿಸನ್ ಕೊಡ್ಬೇಕು ಕಣವ್ವ.”

“ಪರ್ಮಿಸನ್ ಬರೋಗಂಟ ಉಚ್ಚೆ ನಿಂತ್ಕತ್ತದಾ? ನೀನ್ ಒಂದ್ಸಲ ನಿಲ್ಲಿಸ್ಕಂಡು ತೋರ್ಸು ನೋಡಾನ!”

ಹಜಾರದಲ್ಲಿದ್ದವರೆಲ್ಲ ನಕ್ಕರು. ಈ ಸಲ ಎಲ್ಲರ ಕಣ್ಣು ಬಿದ್ದದ್ದು ನಾಗಯ್ಯನ ಮೇಲೆ. ಅವನು ಗೊಣಗುತ್ತಾ ಬೀಗ ತೆಗೆದ. ಶೋಭಿತಾ ಬೆಂಚುಗಳನ್ನು ಒಂದೊಂದಾಗಿ ದರದರನೆ ಎಳೆದು ಹಜಾರಕ್ಕೆ ಹಾಕಿ ಬಕೆಟ್ಟಿನಲ್ಲಿ ನೀರು ತಂದಿಟ್ಟಳು. ಕಮೋಡಿನ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ಇನ್ನೂ ಯಾರೂ ಬಿಚ್ಚಿರಲಿಲ್ಲ. ಅದನ್ನೂ ಅವಳೇ ಹರಿದಳು.

ದೀಪಿಕ ಹೊರಗೆ ಬಂದಾಗ ಶೋಭಿತಾ ಬಾಗಿಲ ಬಳಿಯೇ ನಿಂತಿದ್ದಳು.

“ನೀರಿನ್ ಇಸ್ಯ ಗೊತ್ತಾಯ್ತು” ಎಂದಳು. “ಪೇಪರ್ ಲೋಟದ್ದು?”

“ಅಜ್ಜಿ ಕೊಟ್ಟಿದ್ನ ನಾನೂ ನೋಡ್ದೆ. ನೋಡ್ಬುಟ್ಟು ಸುಮ್ಕಿದ್ದೆ.”

ಶೋಭಿತಾ ಕ್ಲಾಸಿನಿಂದ ತಂದಿಟ್ಟಿದ್ದ ಅವಳ ಬ್ಯಾಗನ್ನು ಹೆಗಲಿಗೆ ಹಾಕಿಕೊಂಡಳು. “ಬಾನುವಾರ ನಿಮ್ಮನೇಗೆ ಬತ್ತೀನಿ. ಅವತ್ತೂ ಸುಮ್ಕಿದ್ರೆ ನಿನ್ನ ನೋಡ್ಕತೀನಿ.”

ಅಜ್ಜಿಯ ಮುಖ ನೆನೆದು ದೀಪಿಕಳಿಗೆ ಮತ್ತೆ ಬಾಯಿ ಒಣಗಿತು.

“ಸೋಬಿ, ನೀರ್ ಕೊಡೇ” ಎಂದು ಕೈ ಚಾಚಿದಳು.