ಸಬ್ಬಸಗಿ ಹಾಕಿದ ಮೀನು

ಲಿಂಬೆತೋಟದಿಂದ ಬಂದ ಮರೆವ್ವ ಹೊಸ್ತಿಲ ಮುಂದೆ ನಿಂತೇಬಿಟ್ಟಳು. ಮೀನು ಹುರಿಯುವ ವಾಸನೆ ಬರುತ್ತಿತ್ತು. ತಲೆಯ ಮೇಲಿನ ಬುಟ್ಟಿ ಇಳಿಸದೆ ಪಕ್ಕದ ಬಾಳಮ್ಮನ ಮನೆಯತ್ತ ನೋಡಿದಳು. ಅಲ್ಲಿ ಬಾಗಿಲಿಗೆ ಕೀಲಿ ಬಿದ್ದಿತ್ತು. ಅಂದರೆ ವಾಸನೆ ತನ್ನ ಮನೆಯದೇ.

ಏಳು ತಿಂಗಳಿಂದ ಈ ಮನೆಯ ಒಲೆಯ ಮೇಲೆ ಮೀನು ಏರಿರಲಿಲ್ಲ. ಮಗ ಸುನೀಲಕುಮಾರ ಮೃಣಾಲಿನಿಯನ್ನು ಮದುವೆಯಾಗಿ ತಮ್ಮೂರು ಹೊರ್ತಿಗೆ ಕರೆತಂದ ದಿನವೇ ಮರೆವ್ವ ಮೀನಿನ ಗಡಗಿಯನ್ನು ತಿಕ್ಕಿ ತೊಳೆದು ಬಾಳಮ್ಮನಿಗೆ ಕೊಟ್ಟುಬಂದಿದ್ದಳು. ಸೊಸೆ ಸಿಂದಗಿಯ ವೈಷ್ಣವರ ಮನೆಯವಳು. ಉಳ್ಳಾಗಡ್ಡಿಯೂ ಒಳಗೆ ಬಾರದ ಮನೆತನ. ಮಾಸ್ತರಿಕೆಗೆ ಓದುವಾಗ ಇಬ್ಬರಿಗೂ ಪರಿಚಯವಾಗಿ, ರಿಜಿಸ್ಟರ್ ಮದುವೆಯಾಗಿತ್ತು. ಅವಳ ಅಪ್ಪ ಶ್ರೀನಿವಾಸ ಮದುವೆಗೂ ಬರಲಿಲ್ಲ, ಆಮೇಲೂ ಬರಲಿಲ್ಲ. ತಾಯಿ ಮಾತ್ರ ವಾರಕ್ಕೊಮ್ಮೆ ಗಂಡನಿಗೆ ಗೊತ್ತಾಗದಂತೆ ಫೋನ್ ಮಾಡುತ್ತಿದ್ದಳು. ತವರು ಬಿಟ್ಟು ಬಂದ ಹುಡುಗಿಗೆ ಇಲ್ಲಿ ವಾಸನೆಯ ತ್ರಾಸೂ ಆಗಬಾರದು ಎಂದು ಮರೆವ್ವ ಯಾರನ್ನೂ ಕೇಳದೆ ತಾನೇ ಠರಾಯಿಸಿದ್ದಳು. ತೀರಾ ತಡೆಯದ ದಿನ ಬಾಳಮ್ಮನ ಹಿತ್ತಲಲ್ಲಿ ಕೂತು ನಾಲ್ಕು ತುಂಡು ತಿಂದು, ಲಿಂಬೆಸಿಪ್ಪೆಯಿಂದ ಕೈ ತಿಕ್ಕಿಕೊಂಡು ಬರುತ್ತಿದ್ದಳು.

ಇವತ್ತು ಭಾನುವಾರ. ಸುನೀಲ ಯಾವುದೋ ತರಬೇತಿ ಎಂದು ಮುಂಜಾನೆಯೇ ಇಂಡಿಗೆ ಹೋಗಿದ್ದ. ಹಾಗಾದರೆ ಒಳಗಿರುವುದು ಯಾರು? ಗಂಡ ಹೆಂಡತಿಗೆ ಜಗಳವಾಗಿ ಸೊಸೆ ಹೊರಟುಹೋದಳೇ? ಬುಟ್ಟಿಯನ್ನು ಕಟ್ಟೆಯ ಮೇಲೆ ಇಟ್ಟು, ಬುದ್ಧನ ಫೋಟೋ ಇದ್ದ ಪಡಸಾಲೆ ದಾಟಿ ಅಡಿಗೆಮನೆಗೆ ಬಂದಳು.

ಒಲೆಯ ಮುಂದೆ ಮೃಣಾಲಿನಿಯೇ ಇದ್ದಳು. ಮೂಗು ಬಾಯಿ ಮುಚ್ಚುವಂತೆ ಓಢಣಿ ಬಿಗಿದಿದ್ದಳು. ಉಪ್ಪಿನ ಡಬ್ಬಿಗೆ ಒರಗಿಸಿದ್ದ ಮೊಬೈಲಿನಲ್ಲಿ ಯಾವಳೋ ಹದಿನೈದೇ ಮಿನಿಟಿನ ಅಡಿಗೆ ಎಂದು ಹಿಂದಿಯಲ್ಲಿ ಹೇಳುತ್ತಿದ್ದಳು. ಮಿಕ್ಸರಿನ ಡಬ್ಬಿ ಹಸಿರಾಗಿತ್ತು. ಕಟ್ಟೆಯ ತುಂಬ ಕೊತ್ತಂಬರಿ, ಪುದೀನಾ ಕಡ್ಡಿಗಳು.

“ಏನ ನಡಿಸೀಯವ್ವಾ?”

ಸೊಸೆ ತಿರುಗಿದಳು. ಕಣ್ಣು ಕೆಂಪಾಗಿ ನೀರಾಡುತ್ತಿದ್ದವು. ಮೆಣಸಿನಕಾಯಿ ಘಾಟಿಗೋ, ಅತ್ತಿದ್ದಳೋ ಮರೆವ್ವನಿಗೆ ತಿಳಿಯಲಿಲ್ಲ.

“ಮೀನ್ರಿ ಅತ್ತಿ. ಗೈಬುಸಾಬ ಬೈಕಿನ ಮ್ಯಾಲ ಮಾರಾಕ ಬಂದಿದ್ರು. ಹೆಚ್ಚಿಸಿಕೊಂಡು ತಗೊಂಡೆ.”

“ಯಾರಿಗಿ?”

“ನಿಮಗ್ರಿ.”

“ಸುನೀಲ ಏನರ ಅಂದನೇನ? ಮಾಡು ಅಂತ ಕಾಡಿದನೇನ?”

“ಇಲ್ರಿ. ಅವರಿಗಿ ಗೊತ್ತೇ ಇಲ್ಲ.”

ಅಷ್ಟರಲ್ಲಿ ಸೊಸೆ ಹಂಚಿಗೆ ಅಂಟಿದ್ದ ತುಂಡನ್ನು ಸೌಟಿನಿಂದ ಎಬ್ಬಿಸಲು ಹೋದಳು. ಮರೆವ್ವನಿಗೆ ತಡೆಯಲಾಗಲಿಲ್ಲ.

“ಈಗ ಮುಟ್ಟಬ್ಯಾಡ, ಮುರೀತೈತಿ. ಉರಿ ಸಣ್ಣ ಮಾಡು. ಬೆಂದ ಮ್ಯಾಲ ತಾನ ಬಿಡ್ತೈತಿ.”

ಉರಿ ತಗ್ಗಿಸಿ ಇಬ್ಬರೂ ಹಂಚನ್ನೇ ನೋಡುತ್ತ ನಿಂತರು. ತುಂಡುಗಳು ಬಿಟ್ಟುಕೊಂಡವು, ಮಗುಚಿದರು. ಮೃಣಾಲಿನಿ ಹಸಿರು ಮಸಾಲೆ ಸುರಿದಳು. ಮರೆವ್ವ ಮೂಗು ಹತ್ತಿರ ತಂದಳು.

“ಇದೇನ, ಸಬ್ಬಸಗಿ ಹಾಕೀಯಾ?”

“ಹೂಂರಿ. ಕೊತ್ತಂಬರಿ ಸಾಲಲಿಲ್ಲ. ಹಿತ್ತಲದಾಗ ಸಬ್ಬಸಗಿ ಇತ್ತು, ಕಿತ್ತುಕೊಂಡು ಬಂದೆ. ತಪ್ಪಾತೇನ್ರಿ?”

“ತಪ್ಪೋ ಸರಿಯೋ ನನಗೇನ ಗೊತ್ತು? ನಾವು ಹುಣಸಿಹುಳಿ, ಖಾರ ಹಾಕಿ ಮಾಡವರು. ಮೀನಿಗೆ ಸಬ್ಬಸಗಿ ಹಾಕಿದ್ದು ನಾ ಕಂಡಿಲ್ಲ.”

ಲಿಂಬೆ ಹಿಂಡಿ ಇಳಿಸಿದ ಮೇಲೆ ಸೊಸೆ ಎರಡು ತಾಟು ಹಾಕಿದಳು. ಒಂದರಲ್ಲಿ ರೊಟ್ಟಿ, ಮೀನು. ಇನ್ನೊಂದರಲ್ಲಿ ರೊಟ್ಟಿ, ಬ್ಯಾಳಿ ಸಾರು. ಮೀನಿನ ತಾಟನ್ನು ಅತ್ತೆಯ ಮುಂದಿಟ್ಟು ತಾನು ಸಾರಿನ ತಾಟಿನ ಮುಂದೆ ಕೂತಳು.

“ನೀ ತಿನ್ನೂದಿಲ್ಲೇನ?”

“ನನಗ ಆಗೂದಿಲ್ರಿ.”

“ತಿನ್ನಾಕ ಆಗೂದಿಲ್ಲ, ಮಾಡಾಕ ಆತೇನ?”

ಮೃಣಾಲಿನಿ ರೊಟ್ಟಿ ಮುರಿಯುತ್ತ ತಲೆ ತಗ್ಗಿಸಿದಳು. “ಮೊನ್ನೆ ನಾ ನೀರಿನ ಕೊಡ ತಿರುಗಿ ಕೊಡಾಕ ಬಾಳಮ್ಮನ ಹಿತ್ತಲಕ ಹೋಗಿದ್ದೆ. ನೀವು ಊಟ ಮಾಡಾಕತ್ತಿದ್ರಿ. ನನ್ನ ಕಂಡು ತಾಟಿನ ಮ್ಯಾಲ ಸೆರಗ ಮುಚ್ಚಿದ್ರಿ. ನಾ ಏನ ಮಾಡೇನಿ ಅಂತ ನನ್ನ ಕಂಡು ಊಟ ಮುಚ್ಚಬೇಕ್ರಿ? ಇದು ನಿಮ್ಮ ಮನಿ.”

ಮರೆವ್ವನ ಕೈ ತಾಟಿನಲ್ಲೇ ಉಳಿಯಿತು. ತಾನು ಮುಚ್ಚಿದ್ದು ಇವಳ ಮೇಲಿನ ಮಮತೆಯಿಂದ ಎಂದು ಇಷ್ಟು ದಿನ ತಿಳಿದಿದ್ದಳು. ಆದರೆ ಆ ಕ್ಷಣ ಸೆರಗು ಎಳೆದಾಗ ಆದದ್ದು ಹೆದರಿಕೆಯಲ್ಲವೇ? ಚಿಕ್ಕವಳಿದ್ದಾಗ ಅವ್ವನ ಜೊತೆ ಕೂಲಿಗೆ ಹೋದ ಮೇಲ್ಜಾತಿಯವರ ವಾಡೆಯಲ್ಲಿ ಬೊಗಸೆಗೆ ಮೇಲಿಂದ ನೀರು ಸುರಿಯುತ್ತಿದ್ದರು. ಅಂಥದೇ ಮನೆಯ ಮಗಳು ಇವತ್ತು ಮೀನನ್ನು ಉಪ್ಪು ಅರಿಶಿಣ ಹಾಕಿ ತೊಳೆದಿದ್ದಾಳೆ, ಮೂಗು ಕಟ್ಟಿಕೊಂಡು ಬೇಯಿಸಿದ್ದಾಳೆ. ಆ ಮೂಗು ಕಟ್ಟಿದ್ದು ಕಂಡು ಸಿಟ್ಟು ಬಂದಿತ್ತು. ಕಟ್ಟಿಕೊಂಡಾದರೂ ಮಾಡಿದಳಲ್ಲ ಎಂದು ಕರುಳೂ ಚುರುಕ್ ಎಂದಿತ್ತು. ಇದನ್ನು ಗೌರವ ಅನ್ನಬೇಕೋ, ಕನಿಕರ ಅನ್ನಬೇಕೋ? ತಾತ್ಸಾರ ಮಾಡಿದವರಿಗೆ ಹೇಗೆ ಎದುರು ನಿಲ್ಲಬೇಕೆಂದು ಅವಳಿಗೆ ಗೊತ್ತಿತ್ತು. ಇದಕ್ಕೆ ಏನು ಮಾಡಬೇಕೆಂದು ಗೊತ್ತಿರಲಿಲ್ಲ.

ಅತ್ತೆಯ ಮೋರೆ ನೋಡಿ ಮೃಣಾಲಿನಿ ಗಾಬರಿಯಾದಳು. ನೋವು ಮಾಡಿದೆನೆಂದು ತಿಳಿದಳೋ ಏನೋ, ಮೂಗಿಗೆ ಇನ್ನೂ ಬಿಗಿದೇ ಇದ್ದ ಓಢಣಿ ಬಿಚ್ಚಿ, ರೊಟ್ಟಿ ಚೂರು ಹಿಡಿದು ಅತ್ತೆಯ ತಾಟಿನ ಹಸಿರು ಮಸಾಲೆಗೆ ಕೈ ಚಾಚಿದಳು. ಮರೆವ್ವ ಥಟ್ಟನೆ ಆ ಮುಂಗೈ ಹಿಡಿದಳು.

“ಬ್ಯಾಡ.”

“ಯಾಕ್ರಿ? ನಾ ಮುಟ್ಟಬಾರದೇನ್ರಿ?”

“ಹಂಗಲ್ಲ. ಯಾಕಂತ ನನಗೂ ತಿಳೀವಲ್ದು. ಬ್ಯಾಡ ಅಂದ್ರ ಬ್ಯಾಡ. ನಿನ್ನ ಸಾರು ನೀ ಉಣ್ಣು.”

ಕೈ ಬಿಟ್ಟು ಮರೆವ್ವ ಮೊದಲ ತುತ್ತು ಬಾಯಿಗಿಟ್ಟಳು. ಲಿಂಬೆ ಜಾಸ್ತಿಯಾಗಿತ್ತು, ಸಬ್ಬಸಗಿ ಮೂಗಿಗೇರುತ್ತಿತ್ತು. ಮೀನು ಮಾತ್ರ ಮೆತ್ತಗೆ ಬೆಂದಿತ್ತು. ರುಚಿಯಾಗಿದೆಯೋ ಇಲ್ಲವೋ ಎಂದು ತೀರ್ಮಾನಿಸಲು ಎರಡನೇ ತುತ್ತು ತೆಗೆದುಕೊಂಡಳು. ಆಗಲೂ ತಿಳಿಯಲಿಲ್ಲ.

“ಉಪ್ಪ ಕಡಿಮಿ ಆಗೇತಿ,” ಎಂದಳು.

ಮೃಣಾಲಿನಿಗೆ ಒಮ್ಮೆಲೇ ನಗು ಬಂತು. ನಗುತ್ತಲೇ ಕಣ್ಣೊರೆಸಿಕೊಂಡಳು. “ರುಚಿ ನೋಡಾಕ ಆಗಲಿಲ್ಲಲ್ರಿ,” ಎಂದಳು.

ಆ ಹೊತ್ತಿಗೆ ಸುನೀಲಕುಮಾರ ಬಂದ. ಹೆಗಲ ಚೀಲ ಇಳಿಸದೆ ಬಾಗಿಲಲ್ಲೇ ನಿಂತು ಗಾಳಿ ಮೂಸಿದ. ಅವ್ವನ ತಾಟು ನೋಡಿದ, ಹೆಂಡತಿಯ ತಾಟು ನೋಡಿದ.

“ಮನಿಗೆ ಯಾರ ಬಂದಿದ್ರಬೇ? ಇದನ್ಯಾರ ಮಾಡ್ಯಾರ?”

“ನಿನ್ನ ಹೆಂಡ್ತಿ.”

“ಚಾಷ್ಟಿ ಮಾಡಬ್ಯಾಡಬೇ. ಖರೇ ಹೇಳು, ಏನಾತು?”

ಏನಾಯಿತೆಂದು ಹೇಳಲು ಮರೆವ್ವ ಬಾಯಿ ತೆರೆದಳು. ಎಲ್ಲಿಂದ ಶುರು ಮಾಡುವುದು? ಸೊಸೆಯ ಕಡೆ ನೋಡಿದಳು. ಅವಳೂ ಅತ್ತೆಯನ್ನೇ ನೋಡುತ್ತಿದ್ದಳು.

“ನನ್ನೇನ ಕೇಳ್ತಿ? ಕೈಕಾಲು ತೊಳಕೊಂಡು ಬಾ,” ಎಂದು ಮಗನನ್ನು ಗದರಿಸಿ, ತಾಟನ್ನು ಸೊಸೆಯತ್ತ ಸರಿಸಿದಳು. “ಇನ್ನೊಂದ ತುಂಡ ಹಾಕವ್ವಾ. ಹಸಿವಿ ಆಗೇತಿ.”