ಸುಣ್ಣ ಬೆಲ್ಲ

ನರ್ಸ್ ನಾಜಿಯಾ ಸುಭಾಷನ ಮನೆಯ ಕಟ್ಟೆಯ ಮೇಲೆ ಕುಳಿತದ್ದು ಇದು ಆರನೆಯ ಸಲ. ಈ ಸಲ ಕುಳಿತದ್ದು ತಿಳಿಸಿ ಹೇಳುವುದಕ್ಕಲ್ಲ, ಕಾಲು ಸೋತುಹೋಗಿದ್ದವು ಎಂದು. ಟಿಕೋಟಾದ ಆ ಓಣಿಯಲ್ಲಿ ಮಧ್ಯಾಹ್ನದಿಂದ ಹನ್ನೊಂದು ಬಾಗಿಲು ಬಡಿದಿದ್ದಳು. ಮೂರು ಮನೆಯವರು ನೀರು ಕೊಟ್ಟಿದ್ದರು, ಒಂದು ಮನೆಯವರು ಚಹಾ ಕೊಟ್ಟಿದ್ದರು. ಗುರುವಾರ ಲಸಿಕೆಗೆ ಮಗುವನ್ನು ಕರೆತರುತ್ತೇವೆ ಎಂಬ ಮಾತನ್ನು ಮಾತ್ರ ಯಾರೂ ಕೊಟ್ಟಿರಲಿಲ್ಲ.

ಸುಭಾಷನ ಹೆಂಡತಿ ಕಸ್ತೂರಿ ಆಗತಾನೆ ಒಣದ್ರಾಕ್ಷಿ ಶೆಡ್ಡಿನಿಂದ ಬಂದಿದ್ದಳು. ದಿನವಿಡೀ ಗೊನೆಗಳನ್ನು ಬಲೆಯ ಮೇಲೆ ಹರವಿ ಹರವಿ ತೋಳು ಬಿದ್ದುಹೋಗಿದ್ದವು, ಬೆರಳುಗಳು ಇನ್ನೂ ಅಂಟುತ್ತಿದ್ದವು. ಒಲೆ ಹಚ್ಚಬೇಕು, ರೊಟ್ಟಿ ಬಡಿಯಬೇಕು, ಅತ್ತೆಯ ಕೈಯಿಂದ ಮಗುವನ್ನು ತೆಗೆದುಕೊಳ್ಳಬೇಕು. ಕಟ್ಟೆಯ ಮೇಲೆ ನಾಜಿಯಾಳನ್ನು ಕಂಡಾಗ ಅವಳಿಗೆ ಸಿಟ್ಟು ಬರಲಿಲ್ಲ. ಸಿಟ್ಟಿಗೂ ಒಂದಿಷ್ಟು ತ್ರಾಣ ಬೇಕಲ್ಲ.

"ಸಂಗೂಗ ಹತ್ತು ತಿಂಗಳು ತುಂಬಿದ್ವು ಕಸ್ತೂರಿ," ಎಂದಳು ನಾಜಿಯಾ. "ಹುಟ್ಟಿದಾಗ ದವಾಖಾನ್ಯಾಗ ಹಾಕಿದ್ದು ಬಿಟ್ರ ಒಂದೂ ಸೂಜಿ ಬಿದ್ದಿಲ್ಲ. ಹೊನವಾಡ ರೋಡಿನ ವಸ್ತಿಯೊಳಗ ದಡಾರ ಎದ್ದೈತಿ. ಇವತ್ತ ಈ ಓಣಿಯಾಗ ಹನ್ನೊಂದು ಬಾಗಲು ಬಡಿದೀನಿ, ಯಾರೂ ಹೂಂ ಅಂದಿಲ್ಲ. ನೀವರೆ ಗುರುವಾರ ಅಂಗನವಾಡಿಗೆ ಕರ್ಕೊಂಡು ಬರ್ರಿ, ನಿಮಗ ಕೈ ಮುಗಿತೀನಿ."

ಒಳಗಿನಿಂದ ಅತ್ತೆ ಹುಚ್ಚವ್ವ ಕೂಗಿದಳು: "ದಡಾರ ಹೊಸಾದೇನ ಬೇ? ನಮ್ಮ ಕಾಲದಾಗ ಬೇವಿನ ತಪ್ಪಲ ಹಾಸಿ ಮಲಗಸ್ತಿದ್ವಿ, ಹೋಗ್ತಿತ್ತು." ತುಸು ತಡೆದು, ಸುಳ್ಳು ಹೇಳಿ ಅಭ್ಯಾಸವಿಲ್ಲದ ಆ ಮುದುಕಿ ತಾನೇ ಸೇರಿಸಿದಳು: "ಒಂದೊಂದು ಕೂಸೂ ಹೋಗ್ತಿದ್ವು."

ಅಷ್ಟರಲ್ಲಿ ಸುಭಾಷನ ಗಾಡಿಯ ಸಪ್ಪಳ ಕೇಳಿಸಿತು. ಅವನು ಅದೇ ದ್ರಾಕ್ಷಿ ತೋಟದಲ್ಲಿ ಕ್ರೇಟು ಹೊರುವ ಕೆಲಸದವನು. ನಾಜಿಯಾಳನ್ನು ನೋಡಿ ಗಾಡಿ ನಿಲ್ಲಿಸಿದ, ಇಳಿಯಲಿಲ್ಲ.

"ಮತ್ತ ಬಂದ್ರೇನು ಸಿಸ್ಟರ್? ನಿಮಗ ರಜಿಸ್ಟರ್ ತುಂಬಬೇಕಾಗಿರ್ತೈತಿ. ನಮಗ ಮಕ್ಕಳು ಬದುಕಬೇಕಾಗಿರ್ತೈತಿ."

"ನನಗೂ ಅದ ಬೇಕಾಗೈತಿ ಅಣ್ಣಾ."

ಸುಭಾಷ ಅಂಗಳದಲ್ಲಿ ಆಡುತ್ತಿದ್ದ ಹಿರಿಮಗಳು ಕಾವ್ಯಾಳನ್ನು ಹತ್ತಿರ ಕರೆದು ಅವಳ ಎಡತೊಡೆಯ ಕಲೆಯನ್ನು ತೋರಿಸಿದ. ನಾಣ್ಯದಷ್ಟು ಅಗಲ ಚರ್ಮ ಸುಕ್ಕುಗಟ್ಟಿ ಒಳಗೆ ಕುಸಿದಿತ್ತು. "ಇದನ್ನ ನೋಡ್ರಿ. ನಿಮ್ಮ ಸೂಜಿ ಬಿದ್ದ ಜಾಗಾ. ವಿಜಯಪುರದ ದವಾಖಾನ್ಯಾಗ ಒಂಬತ್ತು ದಿನ ಇಟ್ಕೊಂಡು ಕೂತೀನಿ. ಎರಡೂವರಿ ತಿಂಗಳಿನ ಕೂಸಿನ ತೊಡಿ ಕೊಯ್ದು ಕೀವು ತೆಗೆಯೂದು ನೋಡೀರೇನು ನೀವು? ನಾ ನೋಡೀನಿ. ಇನ್ನೊಂದು ಕೂಸಿನ ಮ್ಯಾಲೆ ನೋಡೂದು ನನ್ನ ಕೈಲೆ ಆಗೂದಿಲ್ಲ."

"ಸೂಜಿ ಹಾಕಿದ ಜಾಗಾಕ್ಕ ಬಾವು ಬರ್ತೈತಿ, ಎರಡು ದಿನಕ್ಕ ಇಳಿತೈತಿ," ಎಂದಳು ನಾಜಿಯಾ. "ಅದು ಅಷ್ಟು ದೊಡ್ಡ ಗಾಯ ಹೆಂಗಾತು ಅನ್ನೂದು ನನಗ ಇವತ್ತಿಗೂ ತಿಳಿದಿಲ್ಲ. ಅದ ಬಾಟಲಿದು ಅವತ್ತ ಇನ್ನೂ ಎಂಟು ಮಕ್ಕಳಿಗೆ ಹಾಕಿದ್ದೆ. ಒಬ್ಬರಿಗೂ ಏನೂ ಆಗಲಿಲ್ಲ."

"ಅವರ ನಸೀಬ ಛಲೋ ಇತ್ತು," ಎಂದು ಸುಭಾಷ ಒಳಗೆ ಹೋದ. ನಾಜಿಯಾ ಚೀಲ ಹೆಗಲಿಗೇರಿಸಿದಳು. ಕಸ್ತೂರಿ ಇಷ್ಟು ಹೊತ್ತೂ ನೆಲವನ್ನೇ ನೋಡುತ್ತಿದ್ದಳು.

ಸುಭಾಷ ಕೆಟ್ಟವನಲ್ಲ, ಮೊಂಡನೂ ಅಲ್ಲ. ಕಣ್ಣಾರೆ ಕಂಡದ್ದನ್ನು ನಂಬಿದ್ದ, ಅಷ್ಟೇ. ಆದರೆ ಅವನು ಕಂಡದ್ದು ಅರ್ಧ. ಉಳಿದರ್ಧ ಕಸ್ತೂರಿಯ ಹೊಟ್ಟೆಯಲ್ಲಿ ನಾಲ್ಕು ವರ್ಷದಿಂದ ಕುಳಿತಿತ್ತು.

ಕಾವ್ಯಾಳಿಗೆ ಸೂಜಿ ಹಾಕಿಸಿದ ದಿನ ಸಂಜೆಯೇ ಕಸ್ತೂರಿ ತವರುಮನೆಗೆ, ಕಾಖಂಡಕಿಗೆ ಹೋಗಿದ್ದಳು. ಕೂಸಿಗೆ ಮೈ ಬಿಸಿ, ರಾತ್ರಿಯಿಡೀ ರಚ್ಚೆ. ಬೆಳಿಗ್ಗೆ ತೊಡೆ ಮುಟ್ಟಿದರೆ ಗಟ್ಟಿ ಗಂಟು. ತಾಯಿ ಹೊಲಕ್ಕೆ ಹೋಗಿದ್ದಳು, ಕೇಳೋಣವೆಂದರೆ ಮನೆಯಲ್ಲಿ ಯಾರೂ ಇಲ್ಲ. ಬಾವು ಬಂದರೆ, ಕಾಲು ಉಳುಕಿದರೆ ಸುಣ್ಣ ಬೆಲ್ಲ ಕಲಸಿ ಹಚ್ಚುವುದು ಆ ಸೀಮೆಯ ಪ್ರತಿ ಮನೆಯ ಮದ್ದು. ಎತ್ತಿನ ಕಾಲಿಗೂ ಅದೇ, ಅಜ್ಜನ ಮೊಣಕಾಲಿಗೂ ಅದೇ. ಕಸ್ತೂರಿ ತಾಯಿಯ ಎಲೆಅಡಿಕೆ ಡಬ್ಬಿಯಿಂದ ಸುಣ್ಣ ತೆಗೆದಳು, ಬೆಲ್ಲ ಕಲಸಿದಳು, ಬಿಸಿಯೇರಿದ ಆ ಮುದ್ದೆಯನ್ನು ಗಂಟಿನ ಮೇಲೆ ಮೆತ್ತಿ ಅರಿವೆ ಕಟ್ಟಿದಳು. ಕೂಸು ಕಿರುಚಿ ಕಿರುಚಿ ಸುಮ್ಮನಾಯಿತು. ರಾತ್ರಿಯಿಡೀ ನಿದ್ದೆಗೆಟ್ಟಿದ್ದ ಕಸ್ತೂರಿಯೂ ಗೋಡೆಗೆ ಒರಗಿದವಳು ಹಾಗೇ ನಿದ್ದೆ ಹೋದಳು. ಎದ್ದು ಅರಿವೆ ಬಿಚ್ಚಿದಾಗ ಅದರ ಜೊತೆಗೆ ಚರ್ಮವೂ ಬಂತು.

ತೊಳೆದಳು, ಎಣ್ಣೆ ಸವರಿದಳು, ಯಾರಿಗೂ ಹೇಳದೆ ಮೂರು ದಿನ ಮುಚ್ಚಿಟ್ಟಳು. ನಾಲ್ಕನೆಯ ದಿನ ಕೀವು ತುಂಬಿ ತೊಡೆ ಕೆಂಡವಾದಾಗ ಸುಭಾಷ ಬಂದು ಕೂಸನ್ನೆತ್ತಿಕೊಂಡು ವಿಜಯಪುರಕ್ಕೆ ಓಡಿದ. ಅಲ್ಲಿ ಡಾಕ್ಟರು ಕೇಳಿದ್ದರು: "ಮನ್ಯಾಗ ಏನರೆ ಹಚ್ಚೀರೇನಮ್ಮಾ?" ಕಸ್ತೂರಿ "ಇಲ್ಲರಿ" ಎಂದಿದ್ದಳು. ಆ ಒಂದು "ಇಲ್ಲರಿ"ಯಿಂದ ಗಾಯದ ಹೊಣೆ ಸೂಜಿಗೆ ಬಂತು. ಸುಭಾಷ ಅಂಗನವಾಡಿಯ ಮುಂದೆ ನಿಂತು, ಓಣಿಯೆಲ್ಲ ಕೇಳುವಂತೆ, "ಕೈ ತೊಳಕೊಳ್ಳಾಕ ಬರದಾಕಿ ಮಕ್ಕಳಿಗೆ ಸೂಜಿ ಹಾಕಾಕ ಬರ್ತಾಳ" ಎಂದು ನಾಜಿಯಾಳನ್ನು ಬೈದಿದ್ದ. ಮೇಲಿನವರು ನಾಜಿಯಾಳನ್ನು ಕರೆಸಿ ಬರಹದಲ್ಲಿ ಉತ್ತರ ಕೇಳಿದ್ದರು. ಸುಭಾಷ ಬೈದ ದಿನ ಕಸ್ತೂರಿ ಮನೆಯೊಳಗೆ ಕೂಸಿಗೆ ಹಾಲೂಡುತ್ತ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಹೊರಗೆ ಬರಲಿಲ್ಲ. ಹೆತ್ತವಳೇ ಮಗಳನ್ನು ಸುಟ್ಟಳು ಎಂಬ ಮಾತು ಒಮ್ಮೆ ಊರಿನ ಬಾಯಿಗೆ ಬಿದ್ದರೆ ಸಾಯುವತನಕ ಹೋಗುವುದಿಲ್ಲ ಎಂಬ ಹೆದರಿಕೆ ಅವಳದು.

ಸಂಗು ಹುಟ್ಟಿದಾಗ ಸುಭಾಷ, "ಇವನಿಗೆ ಬ್ಯಾಡ" ಎಂದ. ಕಸ್ತೂರಿ ಹೂಂ ಎಂದಳು. ಬೇಕು ಎನ್ನಬೇಕಾದರೆ ಯಾಕೆ ಎಂದು ಹೇಳಬೇಕಾಗುತ್ತಿತ್ತು. ಗಂಡನಿಗೆ ತಿಳಿಯದಂತೆ ಹಾಕಿಸಿಕೊಂಡು ಬರಲೇ ಎಂದೂ ಒಂದೆರಡು ಸಲ ಯೋಚಿಸಿದ್ದಳು. ಸಂಜೆ ಮಗುವಿನ ಮೈ ಬಿಸಿಯಾದರೆ ಏನು ಹೇಳುವುದು? ಒಂದು ಸುಳ್ಳನ್ನು ಹೊತ್ತೇ ಸಾಕಾಗಿತ್ತು, ಎರಡನೆಯದಕ್ಕೆ ಬೆನ್ನಿನಲ್ಲಿ ಜಾಗವಿರಲಿಲ್ಲ.

ಮರುದಿನ ಮಂಗಳವಾರ. ಶೆಡ್ಡಿನಲ್ಲಿ ಕಸ್ತೂರಿಯ ಪಕ್ಕ ಗೊನೆ ಹರವುತ್ತಿದ್ದವಳು ಅದೇ ಓಣಿಯ ನೀಲಾಬಾಯಿ. ಅಂದು ಅವಳ ಕೈ ಓಡುತ್ತಿರಲಿಲ್ಲ.

"ನನ್ನ ಮೊಮ್ಮಗಳಿಗೆ ದಡಾರ ಎದ್ದೈತಿ ಬೇ," ಎಂದಳು ಅವಳು. "ನಾಕು ದಿನದ ಜ್ವರ. ನಿನ್ನೆ ಮೈತುಂಬ ಕೆಂಪಗ ಬಂದಾವ. ಬಾಗಲಿಗೆ ಬೇವು ಕಟ್ಟೀವಿ. ಮಗನ ಹೆಂಡ್ತಿ ಸೂಜಿ ಹಾಕಸ್ತೀನಿ ಅಂತ ನಿಂತಿದ್ಲು, ನಾನ ಬ್ಯಾಡ ಅಂದೆ."

"ನೀವು ಯಾಕ ಬ್ಯಾಡ ಅಂದ್ರಿ ಚಿಗವ್ವಾ?"

"ಯಾಕ ಅಂತ ಕೇಳ್ತೀಯಲ್ಲ! ನಿನ್ನ ಕಾವ್ಯಾನ ತೊಡಿ ನೋಡಿದ ಮ್ಯಾಲೆ ಧೈರ್ಯ ಬರ್ತೈತೇನು? ನಮ್ಮ ಓಣಿಯಾಗ ಯಾರನ್ನ ಕೇಳು, ಎಲ್ಲಾರೂ ಅದನ್ನ ಹೇಳ್ತಾರ."

ನೀಲಾಬಾಯಿ ಅದನ್ನು ಆಡಿಕೊಳ್ಳಲು ಹೇಳಿರಲಿಲ್ಲ, ಅನುಕಂಪದಿಂದಲೇ ಹೇಳಿದ್ದಳು. ಅದಕ್ಕೇ ಅದು ಕಸ್ತೂರಿಗೆ ಹೆಚ್ಚು ತಾಗಿತು. ಗೊನೆಯನ್ನು ಹಿಡಿದ ಕೈ ಹಾಗೇ ನಿಂತಿತು. ಹನ್ನೊಂದು ಮನೆ. ನಾಜಿಯಾ ಬಾಗಿಲು ಬಡಿದ ಹನ್ನೊಂದು ಮನೆಗಳಲ್ಲೂ ತನ್ನ ಸುಣ್ಣ ಬೆಲ್ಲವೇ ಅಡ್ಡ ಕುಳಿತಿದೆ ಎಂದು ಅವಳಿಗೆ ಮೊದಲ ಸಲ ಅರ್ಥವಾಯಿತು.

ಹನ್ನೆರಡರ ಹೊತ್ತಿಗೆ ನೀಲಾಬಾಯಿಗೆ ಮನೆಯಿಂದ ಫೋನು ಬಂತು. ಕೂಸು ಕಷ್ಟಪಟ್ಟು ಉಸಿರೆಳೆದುಕೊಳ್ಳುತ್ತಿದೆ, ಪಕ್ಕೆ ಒಳಗೆ ಹೋಗುತ್ತಿದೆ, ವಿಜಯಪುರಕ್ಕೆ ಒಯ್ಯುತ್ತಿದ್ದೇವೆ. ಐವತ್ತೈದರ ಹೆಂಗಸು ಬಿಸಿಲಿನಲ್ಲಿ ಚಪ್ಪಲಿ ಮರೆತು ರಸ್ತೆಗೆ ಓಡಿದಳು. ಶೆಡ್ಡಿನ ಹೆಂಗಸರೆಲ್ಲ ಆ ಕೂಸಿನ ಹಣೆಬರಹ, ದೇವರು ಎಂದು ಏನೇನೋ ಮಾತಾಡಿಕೊಂಡರು. ಕಸ್ತೂರಿ ಕೆಲಸ ಬಿಟ್ಟೆದ್ದಳು. ಕೈ ತೊಳೆದು ಸುಭಾಷನಿದ್ದ ಕಡೆಗೆ ನಡೆದಳು.

ಅವನು ದ್ರಾಕ್ಷಿ ಚಪ್ಪರದ ನೆರಳಿನಲ್ಲಿ ಬುತ್ತಿ ಬಿಚ್ಚುತ್ತಿದ್ದ. ಕಸ್ತೂರಿ ಅವನ ಎದುರು ಕುಳಿತಳು. ಹೇಗೆ ಶುರು ಮಾಡಬೇಕೆಂದು ನಾಲ್ಕು ವರ್ಷ ಯೋಚಿಸಿದ್ದರಲ್ಲಿ ಆಗ ಯಾವುದೂ ನೆನಪಾಗಲಿಲ್ಲ.

"ಕಾವ್ಯಾಗ ಗಾಯ ಆದದ್ದು ಸೂಜಿಯಿಂದ ಅಲ್ಲರಿ. ನಾ ಸುಣ್ಣ ಬೆಲ್ಲ ಹಚ್ಚಿದ್ದೆ. ಕಟ್ಟಿ ಮಲಗಿಬಿಟ್ಟೆ. ಅದು ಸುಟ್ಟಿತು."

ಸುಭಾಷ ರೊಟ್ಟಿ ಮುರಿಯುತ್ತಿದ್ದವನು ಹಾಗೇ ನೋಡಿದ. ಮುರಿದ ತುಂಡನ್ನು ತಿರುಗಿ ಬುತ್ತಿಯಲ್ಲಿಟ್ಟ.

"ಡಾಕ್ಟರ್ ಕೇಳಿದಾಗರೆ ಹೇಳಬೇಕಿತ್ತಿಲ್ಲೇನು?"

"ನೀವು ಬಾಜೂಕ ನಿಂತಿದ್ರಿ."

"ನಾ ಏನು ಹುಲಿ ಇದ್ದೆನೇನು? ತಿಂತಿದ್ದೆನೇನು?"

"ತಿಂತಿದ್ದಿಲ್ಲ. ನೋಡ್ತಿದ್ರಿ," ಎಂದಳು ಕಸ್ತೂರಿ. "ಅದನ್ನ ನೆನಸ್ಕೊಂಡು ನೀವು ದಿನಾ ನನ್ನ ಮಾರಿ ನೋಡೂದು, ಅದಕ್ಕ ಹೆದರಿದೆ. ನೀಲಾಬಾಯಿ ಮೊಮ್ಮಗಳಿಗೆ ಉಸಿರು ಸಿಗವಲ್ದು. ನಮ್ಮ ಕಾವ್ಯಾನ್ನ ನೋಡಿ ಅವರು ಸೂಜಿ ಬ್ಯಾಡ ಅಂದಿದ್ರಂತ. ಇನ್ನ ನನ್ನ ಕೈಲೆ ಆಗೂದಿಲ್ಲ. ನೀವು ಬೈರಿ, ಬಡೀರಿ, ತವರಿಗೆ ಕಳಸ್ರಿ. ಸಂಗೂಗ ಮಾತ್ರ ಹಾಕಸೂಣು."

ಸುಭಾಷ ಬುತ್ತಿ ಕಟ್ಟಿದ. "ನಾ ಆ ಹೆಣ್ಣಮಗಳಿಗೆ ಏನೇನಂದೆ, ಗೊತ್ತೈತೇನು ನಿನಗ?" ಎಂದ. "ನಿನ್ನೆನೂ ಆಕಿ ಮಾರಿಗೆ ಹೊಡದಂಗ ಮಾತಾಡಿದೆ. ನೀ ಬಾಗಲ್ದಾಗ ನಿಂತು ಕೇಳಿದಿ." ಎದ್ದು ಹೋಗಿ ಉಪವಾಸದಲ್ಲೇ ಕ್ರೇಟು ಹೊರತೊಡಗಿದ.

ಅಂದು ಸಂಜೆಯೂ ಬುಧವಾರವೂ ಅವನು ಹೆಂಡತಿಯೊಡನೆ ಮಾತಾಡಲಿಲ್ಲ. ಕಾವ್ಯಾಳನ್ನು ಮಡಿಲಲ್ಲಿ ಕೂರಿಸಿಕೊಂಡು ಆ ಕಲೆಯ ಮೇಲೆ ಬೆರಳಾಡಿಸುತ್ತಿದ್ದ. ಹುಚ್ಚವ್ವ ಮಗನನ್ನೂ ಸೊಸೆಯನ್ನೂ ನೋಡಿ, ಏನೋ ನಡೆದಿದೆ ಎಂದುಕೊಂಡು, ಸಂಗುವನ್ನು ಎತ್ತಿಕೊಂಡು ಕಟ್ಟೆಗೆ ಹೋದಳು. ಕಸ್ತೂರಿ ರೊಟ್ಟಿ ಬಡಿದಳು, ಶೆಡ್ಡಿಗೆ ಹೋದಳು, ಬಂದಳು. ನೀಲಾಬಾಯಿಯ ಮೊಮ್ಮಗಳು ಇನ್ನೂ ಆಕ್ಸಿಜನ್ ಮೇಲೆ ಇದ್ದಾಳೆ, ಆದರೆ ಕಣ್ಣು ಬಿಟ್ಟಿದ್ದಾಳೆ ಎಂಬ ಸುದ್ದಿ ಬಂತು. ಅದನ್ನು ಕೇಳಿ ಕಸ್ತೂರಿ ಶೆಡ್ಡಿನ ಮೂಲೆಯಲ್ಲಿ ಕುಳಿತು ಅತ್ತಳು.

ಗುರುವಾರ ಬೆಳಿಗ್ಗೆ ಸುಭಾಷ ಕೆಲಸಕ್ಕೆ ಹೊರಡಲಿಲ್ಲ. ಸಂಗುವಿಗೆ ತಾನೇ ಅಂಗಿ ತೊಡಿಸಿ, ಹೆಂಡತಿಯ ಕಡೆ ನೋಡದೆ ಕೇಳಿದ: "ಇವನ ಸೂಜಿ ಕಾರ್ಡ್ ಎಲ್ಲೈತಿ?"

ಅಂಗನವಾಡಿಯಲ್ಲಿ ನಾಜಿಯಾ ಮೇಜಿನ ಮೇಲೆ ಲಸಿಕೆಯ ಡಬ್ಬಿ ಇಟ್ಟುಕೊಂಡು ಕುಳಿತಿದ್ದಳು. ದಡಾರದ ಸುದ್ದಿ ಕೇಳಿ ಓಣಿಯ ಐದಾರು ಹೆಂಗಸರು ಬಂದಿದ್ದರು. ಬಂದಿದ್ದರು ಅಂದರೆ ಬಾಗಿಲತನಕ. ಒಳಗೆ ಕಾಲಿಡುವುದೋ ಬೇಡವೋ ಎಂದು ಒಬ್ಬರ ಮುಖ ಒಬ್ಬರು ನೋಡುತ್ತ ನಿಂತಿದ್ದರು. ಸುಭಾಷನನ್ನೂ ಅವನ ಹಿಂದೆ ಕಸ್ತೂರಿಯನ್ನೂ ಕಂಡು ದಾರಿ ಬಿಟ್ಟರು, ಮತ್ತೆ ಜಗಳವೇನೋ ಎಂದು.

ಅವನು ಹೋಗಿ ನಾಜಿಯಾಳ ಎದುರಿನ ಕುರ್ಚಿಯಲ್ಲಿ ಮಗನನ್ನು ಮಡಿಲಿಗೆ ಹಾಕಿಕೊಂಡು ಕುಳಿತ. "ಸಿಸ್ಟರ್, ಅವತ್ತ ನಾ ನಿಮಗ..." ಎಂದು ಶುರು ಮಾಡಿದವನು ಮಗನ ಅಂಗಿಯ ತೋಳು ಮೇಲೆ ಸರಿಸತೊಡಗಿದ.

ನಾಜಿಯಾಳಿಗೆ ಏನೂ ತಿಳಿದಿರಲಿಲ್ಲ. ಬಂದದ್ದೇ ದೊಡ್ಡದು ಎಂದುಕೊಂಡು, "ಕಾಲು ಗಟ್ಟಿ ಹಿಡೀರಿ ಅಣ್ಣಾ, ಒದ್ದಾಡ್ತಾನ," ಎಂದಳು. "ತೊಡಿಗೆ ಎರಡು, ದಡಾರದ್ದು ತೋಳಿಗೆ. ಅರ್ಧ ತಾಸು ಇಲ್ಲೇ ಕುಂದರ್ರಿ."

ಸಂಗು ಅಂಗನವಾಡಿಯ ಹಂಚು ಹಾರುವಂತೆ ಅತ್ತ. ಆಗ ಬಾಗಿಲಲ್ಲಿ ನಿಂತಿದ್ದ ಸಣ್ಣ ವಯಸ್ಸಿನ ತಾಯಿಯೊಬ್ಬಳು ಕೂಸನ್ನು ಎದೆಗವಚಿಕೊಂಡು ಕಸ್ತೂರಿಯ ಕಿವಿಯಲ್ಲಿ ಕೇಳಿದಳು: "ಅಕ್ಕಾ, ನಿಮ್ಮ ಕಾವ್ಯಾಗ ಹಂಗಾಗಿತ್ತಲ್ಲ. ಮತ್ತ ಹೆಂಗ ಧೈರ್ಯ ಮಾಡಿದಿರಿ?"

ಕಿವಿಯಲ್ಲಿ ಕೇಳಿದ್ದಕ್ಕೆ ಕಿವಿಯಲ್ಲೇ ಉತ್ತರ ಹೇಳಬಹುದಿತ್ತು. ಕಸ್ತೂರಿ ಒಂದು ಸಲ ಗಂಡನನ್ನು ನೋಡಿದಳು. ಎರಡು ದಿನಗಳಲ್ಲಿ ಮೊದಲ ಸಲ ಅವನೂ ಅವಳನ್ನು ನೋಡಿದ, ನೋಡಿ ಹೇಳು ಎಂಬಂತೆ ತಲೆಯಾಡಿಸಿದ.

"ಎಲ್ಲಾರೂ ಕೇಳ್ರಿ," ಎಂದಳು ಕಸ್ತೂರಿ. ದನಿ ಅವಳಿಗೇ ಪರಕೀಯವೆನಿಸುವಷ್ಟು ದೊಡ್ಡದಾಗಿತ್ತು. "ನನ್ನ ಮಗಳಿಗೆ ಸೂಜಿಯಿಂದ ಏನೂ ಆಗಿಲ್ಲ. ಬಾವು ಇಳೀಲಿ ಅಂತ ನಾನ ಸುಣ್ಣ ಬೆಲ್ಲ ಹಚ್ಚಿ ಕಟ್ಟಿದ್ದೆ. ಆ ಗಾಯ ನಾ ಮಾಡಿದ್ದು. ನಾಕು ವರ್ಷ ಬಾಯಿ ಮುಚ್ಕೊಂಡು ಕೂತೆ. ಸಿಸ್ಟರ್ ಅವರದು ಏನೂ ತಪ್ಪಿರಲಿಲ್ಲ. ನೀಲಾಬಾಯಿ ದವಾಖಾನಿಯಿಂದ ಬರಲಿ, ಅವರ ಮನಿಗೆ ಹೋಗಿ ಅವರಿಗೂ ಹೇಳ್ತೀನಿ."

ಒಬ್ಬ ಮುದುಕಿ "ಅಯ್ಯ ನಿನ್ನ!" ಎಂದು ಬಾಯಿಗೆ ಸೆರಗು ಇಟ್ಟುಕೊಂಡಳು. ಯಾರೋ ಹಿಂದಿನಿಂದ, ತಾಯಿ ಅನ್ನಿಸಿಕೊಂಡಾಕಿ, ಎಂದು ಗೊಣಗಿದರು. ಕಸ್ತೂರಿ ಕೇಳಿಸಿಕೊಂಡಳು, ನಿಂತೇ ಇದ್ದಳು.

ನಾಜಿಯಾಳ ಕೈಯಲ್ಲಿ ಸಂಗುವಿನ ಕಾರ್ಡ್ ಇತ್ತು. ಪೆನ್ನು ಹಿಡಿದವಳಿಗೆ ತಾರೀಖು ಬರೆಯುವ ಗೆರೆ ಕಾಣದಾಯಿತು. ನಾಲ್ಕು ವರ್ಷ ಅವಳು ಈ ಓಣಿಗೆ ಬರುವಾಗಲೆಲ್ಲ, ಅಂದು ನಾನೇ ಏನಾದರೂ ತಪ್ಪಿದೆನೋ ಎಂದು ತನ್ನ ಕೈಗಳನ್ನು ತಾನೇ ನಂಬದೆ ಬಂದಿದ್ದಳು. ಕಣ್ಣೊರೆಸಿಕೊಂಡಳು, ತಾರೀಖು ಬರೆದಳು, ಕಾರ್ಡನ್ನು ಸುಭಾಷನ ಕೈಗೆ ಕೊಟ್ಟಳು.

ತಲೆಯೆತ್ತಿದಾಗ ಆ ಸಣ್ಣ ವಯಸ್ಸಿನ ತಾಯಿ ಹೊಸ್ತಿಲು ದಾಟಿ ಮೇಜಿನ ಹತ್ತಿರ ಬಂದು ನಿಂತಿದ್ದಳು.

"ಕೂಸಿನ ಹೆಸರು ಏನವ್ವಾ?" ಎಂದು ಕೇಳಿದಳು ನಾಜಿಯಾ.