ಬೀಳೋದೇನು ಮಹಾ

ನನ್ನ ಕಂಪನಿಗೆ ಸೇರಲು ಬರುವ ಪ್ರತಿಯೊಬ್ಬನೂ ಬಂದ ಕೂಡಲೇ ಅಂಗಿಯ ತೋಳು ಮಡಚಿ ಸ್ನಾಯು ತೋರಿಸುತ್ತಾನೆ. ನಾನು ತೋಳು ನೋಡುವುದಿಲ್ಲ. ತುಂಬಿದ ಟೀ ಲೋಟವೊಂದನ್ನು ಕೈಗೆ ಕೊಟ್ಟು, ಈ ಮೂಲೆಯಿಂದ ಆ ಮೂಲೆಗೆ ನಡೆದು ಬಾ ಅನ್ನುತ್ತೇನೆ. ಟೀ ಚೆಲ್ಲಿಯೇ ಚೆಲ್ಲುತ್ತದೆ. ಚೆಲ್ಲಿದಾಗ ಮುಖ ಹೇಗಾಗುತ್ತದೆ ಅನ್ನುವುದಷ್ಟೇ ನನಗೆ ಬೇಕು. ನಾಚಿದರೆ ಒಳ್ಳೆಯವನ ಪಾತ್ರ. ಲೋಟವನ್ನೇ ಬೈದರೆ ಕೆಟ್ಟವನ ಪಾತ್ರ. ಏನೂ ಆಗಿಯೇ ಇಲ್ಲವೆಂಬಂತೆ ನನ್ನನ್ನೇ ದಿಟ್ಟಿಸಿದರೆ ಅವನಿಗೊಂದು ಮುಖವಾಡ ಹೊಲಿಸುತ್ತೇನೆ.

ನಮ್ಮದು ಕುಸ್ತಿ ಕಂಪನಿ. ಹಳೆಯ ಗೋದಾಮಿನ ನಡುವೆ ಒಂದು ರಿಂಗ್, ಸುತ್ತ ಮಡಚುವ ಕುರ್ಚಿಗಳು, ಭಾನುವಾರ ಮಧ್ಯಾಹ್ನ ಆಟ. ಯಾರು ಗೆಲ್ಲಬೇಕೆಂದು ಮೊದಲೇ ನಿರ್ಧಾರವಾಗಿರುತ್ತದೆ, ನಿರ್ಧರಿಸುವವಳು ನಾನು. ಸುಳ್ಳು ಕುಸ್ತಿ ಎಂದು ಮೂಗು ಮುರಿಯುವವರಿಗೆ ನಾನು ಹೇಳುವುದಿಷ್ಟೇ: ಒಂದು ಸಲ ಬಂದು ಆ ಹಲಗೆಯ ಮೇಲೆ ಬೆನ್ನು ಹಾಕಿ ಬೀಳಿ, ಆಮೇಲೆ ಮಾತಾಡೋಣ. ಹಲಗೆಗೂ ಬೆನ್ನಿಗೂ ನಡುವೆ ಇರುವುದು ಬೆರಳು ದಪ್ಪದ ಸ್ಪಂಜು, ಅದರ ಮೇಲೆ ಬಿಗಿದ ಕ್ಯಾನ್ವಾಸು, ಅಷ್ಟೇ.

ಕಂಪನಿ ಕಟ್ಟಿದವರು ನಮ್ಮ ಯಜಮಾನರು. ಅವರು ಹೋದ ಮೇಲೆ ಅದು ನನ್ನ ತಲೆಗೆ ಬಂತು, ಜೊತೆಗೆ ಅವರ ಒಂದು ಮಾತೂ ಬಂತು: "ಇರೋದಕ್ಕೆ ಬೆಳಕು ಬಿಡು, ಇಲ್ಲದ್ದನ್ನ ಕತ್ತಲಲ್ಲಿಡು." ನಾನು ಅದನ್ನೇ ಮಾಡಿಕೊಂಡು ಬಂದೆ. ಬಾಯಿ ತೆರೆದರೆ ತೊದಲುವವನೊಬ್ಬನಿದ್ದ. ಅವನಿಗೆ ಮೌನಿ ಎಂದು ಹೆಸರಿಟ್ಟು, ಮಾತೇ ಆಡಬೇಡ ಎಂದೆ. ಜನ ಅವನ ಮೌನಕ್ಕೇ ನಡುಗಿದರು. ಕಡ್ಡಿ ಕಾಲಿನವನಿಗೆ ಚಡ್ಡಿ ಬಿಡಿಸಿ ನೆಲ ಗುಡಿಸುವಂಥ ನಿಲುವಂಗಿ ತೊಡಿಸಿದೆ. ಇವೆಲ್ಲಕ್ಕಿಂತ ನನಗೆ ಹೆಮ್ಮೆಯಿದ್ದದ್ದು ಬೆಟ್ಟನ ಬಗ್ಗೆ.

ಬೆಟ್ಟ ಮೊದಲು ಇದೇ ಗೋದಾಮಿನಲ್ಲಿ ಮೂಟೆ ಹೊರುತ್ತಿದ್ದ. ಬಾಗಿಲಲ್ಲಿ ನಿಂತರೆ ಒಳಗೆ ಬೆಳಕು ಬರುತ್ತಿರಲಿಲ್ಲ. ಆದರೆ ಮಂಡಿ ಸರಿಯಾಗಿ ಬಗ್ಗದು, ಓಡಲು ಬಾರದು, ಸ್ವಭಾವವಂತೂ ಹಸುವಿನದು. ಅವನಿಗೆ ನಿಲ್ಲುವುದನ್ನು ಕಲಿಸಿದೆ. "ಏನೂ ಮಾಡಬೇಡ. ನಿಂತ್ಕೋ. ನಿಧಾನಕ್ಕೆ ಕತ್ತು ತಿರುಗಿಸು. ಒಂದೇ ಸಲ ಕೈ ಬೀಸು, ಸಾಕು." ಅವನು ಕೈ ಬೀಸಿದರೆ ಎದುರಾಳಿ ಹಾರಿ ಹೋಗಿ ಹಗ್ಗಕ್ಕೆ ಬಡಿದು, ಮತ್ತೆ ಮಗುಚಿ, ಎರಡು ಸುತ್ತು ಉರುಳಿ ಬೀಳುತ್ತಿದ್ದ. ಜನ ಕುರ್ಚಿಯ ಮೇಲೆ ಹತ್ತಿ ನಿಲ್ಲುತ್ತಿದ್ದರು. ಬೆಟ್ಟನನ್ನು ಯಾರೂ ಬೀಳಿಸಲಾರರು ಎಂಬ ಮಾತು ಊರೆಲ್ಲ ಹಬ್ಬಿತ್ತು.

ಹಾಗೆ ಹಾರಿ ಬೀಳುತ್ತಿದ್ದ ಎದುರಾಳಿ ನನ್ನ ಮೈದುನ.

ಅವನು ಅತ್ತಿಗೆ ಎಂದು ಕರೆಯುವುದರಿಂದ ಕಂಪನಿಗೆಲ್ಲ ನಾನು ಅತ್ತಿಗೆಯೇ. ಅಣ್ಣನ ಕಂಪನಿಯಲ್ಲಿ ತಾನು ವೀರನಾಗುತ್ತೇನೆಂದು ಬಂದವನು ಅವನು. ಮೊದಲ ದಿನವೇ ಅವನು ಬಿದ್ದದ್ದನ್ನು ನೋಡಿ ನಮ್ಮ ಯಜಮಾನರು ನನ್ನ ಕಿವಿಯಲ್ಲಿ, "ಇವನು ಗೆದ್ದರೆ ನಷ್ಟ ಕಣೇ," ಅಂದಿದ್ದರು. ಅವನಿಗೆ ಮೀಸೆ ಬೆಳೆಸಲು ಹೇಳಿದವಳು ನಾನು. ಬಡಪಾಯಿ ಬಿದ್ದರೆ ಜನಕ್ಕೆ ಅಯ್ಯೋ ಅನಿಸುತ್ತದೆ, ಜಂಬದವನು ಬಿದ್ದರೆ ಹೊಟ್ಟೆ ತಣ್ಣಗಾಗುತ್ತದೆ. ಆದ್ದರಿಂದ ಕಿವಿಯವರೆಗೆ ತಿರುವಿದ ಮೀಸೆ, ಎದೆ ಸೆಟೆಸಿದ ನಡಿಗೆ, ಮೀಸೆ ಸರದಾರ ಎಂಬ ಬಿರುದು. ವಾರವಾರವೂ ಸರದಾರ ಮೀಸೆ ತಿರುವುತ್ತ ಬರುವುದು, ವಾರವಾರವೂ ಮೂಗು ಮಣ್ಣಾಗುವಂತೆ ಬೀಳುವುದು. ಬಿದ್ದವನನ್ನು ಎಬ್ಬಿಸುವ ಹಾಗಿಲ್ಲ, ಅದು ನಮ್ಮಲ್ಲಿ ಕಟ್ಟುನಿಟ್ಟು. ಬೆಳಕು ಗೆದ್ದವನ ಹಿಂದೆ ಹೋಗುತ್ತದೆ. ಸೋತವನು ಕೆಳಗಿನ ಹಗ್ಗದಡಿ ತಾನೇ ಉರುಳಿ ಇಳಿದು, ಕತ್ತಲಲ್ಲಿ ಗೋಡೆ ಹಿಡಿದು ಒಳಗೆ ಬರಬೇಕು.

ಅವನ ಮಗಳು ಚಿಕ್ಕವಳಿದ್ದಾಗ ಮನೆಯಲ್ಲಿ ದಿನವೂ ಇದೇ ಆಟ. ಅವಳು ತೋರುಬೆರಳಿನಿಂದ ಅವನ ಹೊಟ್ಟೆಗೆ ಒಂದು ತಿವಿತ ಕೊಡುತ್ತಿದ್ದಳು. ಅವನು ಕೋಣೆಯ ಉದ್ದಕ್ಕೂ ತೂರಾಡಿ, ಕಾಲು ಮೇಲೆ ಮಾಡಿ ದೊಪ್ಪೆಂದು ಬೀಳುತ್ತಿದ್ದ. ಅವಳು ಬಂದು ಅವನ ರೆಪ್ಪೆ ಎತ್ತಿ ನೋಡಿ, "ಇನ್ನೊಂದ್ಸಲ!" ಅನ್ನುತ್ತಿದ್ದಳು. ಅಡುಗೆಮನೆಯಿಂದ ನನ್ನ ವಾರಗಿತ್ತಿ ನೆಲ ಬಿರಿಯುತ್ತೆ ಎಂದು ಕೂಗುವವರೆಗೂ ನಡೆಯುತ್ತಿತ್ತು. ಆಮೇಲೆ ಅವಳು ಶಾಲೆಗೆ ಹೋದಳು, ಒಂದು ಭಾನುವಾರ ಗೆಳತಿಯರ ಜೊತೆ ಆಟಕ್ಕೂ ಬಂದಳು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅನ್ನುವ ಗಾದೆ ಎಲ್ಲ ಮಕ್ಕಳಿಗೂ ಗೊತ್ತಲ್ಲ, ಮರುದಿನದಿಂದ ತರಗತಿಯಲ್ಲಿ ಒಂದೇ ಪ್ರಶ್ನೆ: "ನಿಮ್ಮಪ್ಪನ ಮೀಸೇಲಿ ಇವತ್ತೆಷ್ಟು ಮಣ್ಣು?" ಅವಳು ಬೆರಳಿನಿಂದ ತಿವಿಯುವುದನ್ನು ನಿಲ್ಲಿಸಿದಳು. ಗೋದಾಮಿನ ಕಡೆ ಮತ್ತೆ ತಲೆ ಹಾಕಲಿಲ್ಲ. ಈಗ ಕಾಲೇಜಿಗೆ ಹೋಗುತ್ತಾಳೆ. ಅಪ್ಪನ ಕೆಲಸ ಏನೆಂದು ಯಾರಾದರೂ ಕೇಳಿದರೆ ಗೋದಾಮಿನಲ್ಲಿ ಎನ್ನುತ್ತಾಳೆ. ಅದು ಸುಳ್ಳಲ್ಲ, ಅದಕ್ಕೇ ಅವನಿಗೆ ಇನ್ನೂ ನೋವು.

ಈ ವರ್ಷ ಡಾಕ್ಟರು ಮೈದುನನ ಕುತ್ತಿಗೆಯ ಚಿತ್ರ ತೆಗೆಸಿ, ಇನ್ನು ಸಾಕು ಎಂದರು. ಕೊನೆಯ ಆಟ ನಿಗದಿಯಾಯಿತು. ಆ ವಾರ ಅವನು ನನ್ನ ಕೋಣೆಗೆ ಬಂದು, ಕುರ್ಚಿಯಿದ್ದರೂ ನಿಂತೇ ಇದ್ದ.

"ಅತ್ತಿಗೆ, ಒಂದ್ಸಲ ಗೆಲ್ಲಿಸಿ."

"ಯಾರನ್ನ?"

"ನನ್ನನ್ನ."

ನನಗೆ ಮೊದಲು ನಗು ಬಂತು, ಆಮೇಲೆ ಸಿಟ್ಟು. "ಬೆಟ್ಟನ್ನ ಯಾರೂ ಬೀಳಿಸೋಕಾಗಲ್ಲ ಅಂತ ಇಷ್ಟು ವರ್ಷ ಡಂಗುರ ಹೊಡೆದಿದ್ದೀನಿ. ಬೀಳೋದ್ರಲ್ಲಿ ನೀನು ಎತ್ತಿದ ಕೈ. ಇರೋದನ್ನ ಬಿಟ್ಟು ಇಲ್ಲದ್ದಕ್ಕೆ ಯಾಕೆ ಆಸೆ ಪಡ್ತೀಯ?"

"ಬೀಳೋದೇನು ಮಹಾ, ಅತ್ತಿಗೆ. ಕೈ ಬಿಟ್ಟರೆ ಕಲ್ಲೂ ಬೀಳುತ್ತೆ." ಅವನು ಮೀಸೆಯ ತುದಿ ಹಿಡಿದುಕೊಂಡ. "ಮಗಳು ಬರ್ತೀನಿ ಅಂದಿದ್ದಾಳೆ. ಕೊನೇದು ಅಂತ ಅವರಮ್ಮ ಒಪ್ಪಿಸಿದ್ದಾಳೆ. ನಾನು ಬಾಯಿ ಜಾರಿ, ಈ ಸಲ ಗೆಲ್ತೀನಿ ಪುಟ್ಟಿ ಅಂದ್ಬಿಟ್ಟೆ. ಅವಳು ನನ್ನ ಮುಖ ನೋಡಿದಳು ಅತ್ತಿಗೆ. ಎಷ್ಟು ವರ್ಷ ಆಗಿತ್ತು, ಹಾಗೆ ನೋಡಿ."

ಮಕ್ಕಳಿಲ್ಲದ ನನಗೆ ಅವಳು ಮಗಳೇ. ವ್ಯಾಪಾರಕ್ಕೆ ಪೆಟ್ಟು ಎಂದು ಗೊತ್ತಿದ್ದೂ ಆಯಿತು ಎಂದೆ.

ಬೆಟ್ಟ ಕೂಡಲೇ ಒಪ್ಪಿದ. ಮೈದುನ ಭುಜದಿಂದ ಅವನ ಸೊಂಟಕ್ಕೆ ಗುದ್ದಬೇಕು, ಬೆಟ್ಟ ಹಿಂದಕ್ಕೆ ಉರುಳಬೇಕು, ಮೈದುನ ಮೇಲೆ ಒರಗಿ ಅದುಮಿ ಹಿಡಿದಾಗ ರೆಫರಿ ಮೂರು ಎಣಿಸಬೇಕು. ಅಭ್ಯಾಸಕ್ಕೆ ಕರೆದರೆ ಬೆಟ್ಟ ತಲೆ ಕೆರೆದುಕೊಂಡು, "ಬೀಳೋಕೆಲ್ಲ ಪ್ರಾಕ್ಟೀಸ್ ಯಾಕೆ ಅತ್ತಿಗೆ, ಬೆನ್ನು ಕೊಟ್ಟರಾಯ್ತಲ್ಲ," ಅಂದ. ದಪ್ಪ ಹಾಸಿಗೆಯ ಮೇಲೆ ಒಂದು ಸಲ ಕೂತು, ಮಲಗಿ, ಎದ್ದ. ಹೌದಲ್ಲ ಎಂದು ನಾನೂ ಸುಮ್ಮನಾದೆ. ಮೈದುನನೂ ಒಪ್ಪಿದ. ಜೀವನವಿಡೀ ಬಿದ್ದವನಿಗೇ ಅದು ಒಂದು ವಿದ್ಯೆ ಅನಿಸಿರಲಿಲ್ಲ, ನಮಗೆಲ್ಲಿ ಅನಿಸಬೇಕು? ಬೆಟ್ಟನಿಗೆ ಏನೇನು ಬಾರದು ಎಂಬುದನ್ನು ನಾನು ಎಷ್ಟು ಚೆನ್ನಾಗಿ ಮುಚ್ಚಿದ್ದೆನೆಂದರೆ ನಾನೇ ಮರೆತಿದ್ದೆ. ದೀಪದ ಬುಡದಲ್ಲೇ ಕತ್ತಲು ಅನ್ನುವುದು ಸುಮ್ಮನಲ್ಲ.

ಭಾನುವಾರ ಗೋದಾಮು ತುಂಬಿತ್ತು. ವಾರಗಿತ್ತಿ ಟಿಕೆಟ್ ಕಿಟಕಿ ಮುಚ್ಚಿ ಬಂದು ಮಗಳನ್ನು ಮುಂದಿನ ಸಾಲಿನಲ್ಲಿ ಕೂರಿಸಿದಳು. ನಾನು ಪರದೆಯ ಪಕ್ಕ ನನ್ನ ಜಾಗದಲ್ಲಿ ನಿಂತೆ. ರೆಫರಿಗೆ ಸನ್ನೆ ಮಾಡುವುದು ಅಲ್ಲಿಂದಲೇ. ಮೈದುನ ಎಂದಿನಂತೆ ಮೀಸೆ ತಿರುವುತ್ತ ಬಂದ, ಜನ ಎಂದಿನಂತೆ ಛೀಮಾರಿ ಹಾಕಿದರು. ಮಗಳು ಕೈ ಕಟ್ಟಿಕೊಂಡು ನೆಟ್ಟಗೆ ಕೂತಿದ್ದಳು. ಅರ್ಧ ಆಟ ಚೆನ್ನಾಗಿಯೇ ಹೋಯಿತು. ಆಮೇಲೆ ಆ ಗಳಿಗೆ ಬಂತು. ಮೈದುನ ಹಗ್ಗಕ್ಕೆ ಒರಗಿ, ಓಡಿ ಬಂದು, ಭುಜ ಕೊಟ್ಟು ಗುದ್ದಿದ.

ಬೆಟ್ಟ ತಿರುಗಿ ಹಿಂದೆ ನೋಡಿದ. ಎಲ್ಲಿ ಬೀಳುವುದು ಎಂದು ಜಾಗ ನೋಡಿದ! ಒಂದು ಕೈಯಲ್ಲಿ ಹಗ್ಗ ಹಿಡಿದು, ಬಸ್ಸಿನಲ್ಲಿ ಸೀಟು ಸಿಕ್ಕವನಂತೆ ಮೆಲ್ಲಗೆ ಕೂತ. ಕೂತ ಮೇಲೆ ನೆನಪಾಯಿತೇನೋ, ಒಂದು ಮೊಣಕೈ ಊರಿ, ಇನ್ನೊಂದು ಮೊಣಕೈ ಊರಿ ಮಲಗಿದ.

ಹಿಂದಿನ ಸಾಲಿನಿಂದ ಒಬ್ಬ ಕೂಗಿದ: "ಯಾರಾದ್ರೂ ಅಣ್ಣಂಗೆ ಒಂದು ದಿಂಬು ಕೊಡ್ರಪ್ಪಾ!"

ಇಡೀ ಗೋದಾಮು ಗೊಳ್ಳೆಂದಿತು. ಬೈಗುಳ ನನಗೆ ಅನ್ನ ಹಾಕುತ್ತದೆ, ನಗು ಹಾಗಲ್ಲ. ಒಂದು ಸಲ ನಕ್ಕವರು ಮತ್ತೆ ಬೆಟ್ಟನಿಗೆ ಹೆದರುವುದಿಲ್ಲ. ಮಲಗಿದ್ದ ಬೆಟ್ಟನ ಕಣ್ಣಲ್ಲಿ ನೀರು ತುಂಬಿತ್ತು. ಆದದ್ದಾಯಿತು, ಬೇಗ ಮುಗಿಯಲಿ ಎಂದು ನಾನು ಕಿವಿ ಮುಟ್ಟಿ ಸನ್ನೆ ಮಾಡಿದೆ. ಮೈದುನ ಅವನ ಮೇಲೆ ಒರಗಿದರೆ ಸಾಕು, ರೆಫರಿ ಎಣಿಸಿಬಿಡುತ್ತಿದ್ದ. ಕೊಟ್ಟ ಮಾತಿನಂತೆ ಗೆಲುವು ಅವನದೇ.

ಮೈದುನ ಮುಂದಿನ ಸಾಲಿನ ಕಡೆ ಒಮ್ಮೆ ನೋಡಿದ. ಆಮೇಲೆ ಬಗ್ಗಿ ಬೆಟ್ಟನ ಜುಟ್ಟು ಹಿಡಿದು, ಇನ್ನಷ್ಟು ಹೊಡೆಯುವವನಂತೆ ಅವನನ್ನು ಎಬ್ಬಿಸಿದ. ಕಿವಿಯಲ್ಲಿ ಏನೋ ಅಂದ. ಏನೆಂದು ಬೆಟ್ಟ ನನಗೆ ಆಮೇಲೆ ಹೇಳಿದ: "ನಗಲಿ ಬಿಡು. ನಿಂತ್ಕೋ, ಎಂದಿನ ಹಾಗೆ. ಕೈ ಬೀಸು. ಮಿಕ್ಕಿದ್ದು ನನಗಿರಲಿ."

ಬೆಟ್ಟ ನಿಂತ. ನಿಧಾನಕ್ಕೆ ಕತ್ತು ತಿರುಗಿಸಿದ. ಕೈ ಬೀಸಿದ.

ಮೈದುನ ಅಷ್ಟು ಎತ್ತರ ಹಾರಿದ್ದನ್ನು ನಾನು ಎಂದೂ ಕಂಡಿರಲಿಲ್ಲ. ಮೇಲಿನ ಹಗ್ಗವನ್ನೂ ದಾಟಿ, ರಿಂಗಿನ ಆಚೆ, ಸ್ಪಂಜಿಲ್ಲ ಕ್ಯಾನ್ವಾಸಿಲ್ಲ, ಬರೀ ಸಿಮೆಂಟಿನ ಮೇಲೆ, ಮಗಳ ಕಾಲ ಬಳಿ ಹೋಗಿ ಬಿದ್ದ. ಆ ಸದ್ದಿಗೆ ನಗು ನಿಂತುಹೋಯಿತು. ಯಾರೋ ಹೆಂಗಸು ಅಯ್ಯಯ್ಯೋ ಎಂದಳು. ಆಮೇಲೆ ಒಂದು ಮೂಲೆಯಿಂದ "ಬೆಟ್ಟ!" ಎಂದು ಕೂಗು ಬಂತು, ಗೋದಾಮೆಲ್ಲ ಬೆಟ್ಟ ಬೆಟ್ಟ ಎಂದು ಕಾಲು ಬಡಿಯತೊಡಗಿತು. ರಿಂಗಿನಾಚೆ ಬಿದ್ದವನಿಗೆ ಕೊಡುವ ಹತ್ತನ್ನೂ ರೆಫರಿ ಎಣಿಸಿದ. ಮೈದುನ ಏಳಲಿಲ್ಲ. ನನಗೆ ಅವನ ಕುತ್ತಿಗೆಯ ಚಿತ್ರವೇ ಕಣ್ಣಮುಂದೆ. ಮಗಳು ಕುರ್ಚಿಯ ತುದಿಗೆ ಬಂದು, ಬಗ್ಗಿ ನೋಡುತ್ತಿದ್ದಳು, ಆದರೆ ಅವನನ್ನು ಮುಟ್ಟಲಿಲ್ಲ. ಬೆಳಕು ಬೆಟ್ಟನ ಹಿಂದೆ ಹೋದ ಮೇಲೆ ಮೈದುನ ಮಗ್ಗುಲಾಗಿ, ಎದ್ದು, ಕತ್ತಲಲ್ಲಿ ಗೋಡೆ ಹಿಡಿದು ನಡೆದ.

ಒಳಗೆ ನಾನು ಬಾಯಿಗೆ ಬಂದಂತೆ ಬೈದೆ. ಕುತ್ತಿಗೆ ಮುರಿದಿದ್ದರೆ ನಿನ್ನ ಹೆಂಡತಿಗೆ ಏನು ಹೇಳಲಿ, ನಾನು ಮುಗಿಸು ಅಂದದ್ದು ಕಾಣಲಿಲ್ಲವೇ, ಎಂದೆಲ್ಲ. ಬೈಯುತ್ತಲೇ ಕುತ್ತಿಗೆಗೆ ಒದ್ದೆ ಟವೆಲ್ಲು ಸುತ್ತಿದೆ. ಬೆಟ್ಟ ಮೂಲೆಯಲ್ಲಿ ನಿಂತು ಮಗುವಿನಂತೆ ಅಳುತ್ತಿದ್ದ. "ನನಗೆ ಬೀಳೋಕೆ ಬರಲ್ಲ ಅಂತ ನನಗೇ ಗೊತ್ತಿರಲಿಲ್ಲ ಅಣ್ಣಾ," ಅಂದ.

ಅಷ್ಟರಲ್ಲಿ ಮಗಳು ಬಾಗಿಲಲ್ಲಿ ಬಂದು ನಿಂತಳು. ಮೈದುನ ತಲೆ ತಗ್ಗಿಸಿದ. "ಗೆಲ್ತೀನಿ ಅಂದಿದ್ದೆ ಪುಟ್ಟಿ. ಆಗಲಿಲ್ಲ."

"ಅವರು ನಿನ್ನ ಮುಟ್ಟಲೇ ಇಲ್ಲಪ್ಪ," ಬೆಟ್ಟನ ಕಡೆ ಕೈ ತೋರಿಸಿ ಅಂದಳು ಅವಳು.

ಅವನು ಗಾಬರಿಯಾದ. "ಕಾಣಿಸ್ತಾ? ಎಲ್ಲರಿಗೂ?"

"ಇಲ್ಲ. ನನ್ನ ಪಕ್ಕ ಕೂತಿದ್ದವರು ನಿನ್ನ ಎದೆಮೂಳೆ ಪುಡಿಯಾಯ್ತು ಅಂತಿದ್ರು." ಅವಳು ಒಂದು ಹೆಜ್ಜೆ ಒಳಗೆ ಬಂದಳು. "ನನಗೆ ಕಾಣಿಸ್ತು. ಎಡಗಾಲು ಮೊದಲು ಎತ್ತಿದೆ. ಮನೇಲೂ ಹಾಗೇ ಎತ್ತುತ್ತಿದ್ದೆ. ಅವರಿಗೆ ಬೀಳೋಕೆ ಬರಲ್ಲ, ಅಲ್ವಾ? ಇಷ್ಟು ವರ್ಷ ಅವರನ್ನ ಬೆಟ್ಟ ಮಾಡಿದ್ದು ನೀನೇ, ಅಲ್ವಾ?"

ಅವನಿಗೂ ಅದು ಆಗಷ್ಟೇ ತಿಳಿದಿತ್ತು. ನನಗೂ.

ಅವಳು ಹತ್ತಿರ ಬಂದು ತೋರುಬೆರಳು ಚಾಚಿದಳು. ಬೇಡ ಕಣೇ, ಅವನ ಕುತ್ತಿಗೆ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅವನು ಎದ್ದು ನಿಂತಾಗಿತ್ತು. ಬೆರಳು ತಾಗಿತೋ ಇಲ್ಲವೋ, ಎಡಗಾಲು ಮೇಲೆದ್ದಿತು, ಅಭ್ಯಾಸದ ದಪ್ಪ ಹಾಸಿಗೆಯ ಮೇಲೆ ದೊಪ್ಪೆಂದು ಬಿದ್ದು ಕಣ್ಣು ಮುಚ್ಚಿದ. ಅವಳು ಮಂಡಿಯೂರಿ ಅವನ ರೆಪ್ಪೆ ಎತ್ತಿ ನೋಡಿದಳು. ಇನ್ನೊಂದ್ಸಲ ಅನ್ನುತ್ತಾಳೆಂದು ನಾನು ಕಾದೆ.

"ಸಾಕಪ್ಪ," ಅಂದಳು. "ಏಳು."

ಅಂದು ಕೈ ನೀಡಿದಳು. ಅವನು ಆ ಕೈಯನ್ನು ನೋಡುತ್ತ ಸ್ವಲ್ಪ ಹೊತ್ತು ಹಾಗೇ ಮಲಗಿದ್ದ. ಆಮೇಲೆ ಹಿಡಿದುಕೊಂಡ, ಆದರೆ ಏಳುವಾಗ ಎರಡು ಸಲ ತಡವರಿಸಿದ. ಒಬ್ಬರ ಕೈ ಹಿಡಿದು ಏಳುವುದು ಅವನಿಗೆ ಅಭ್ಯಾಸವಿರಲಿಲ್ಲ.